ತೂಕಕ್ಕೆ ಹಾಕುವ ಮುನ್ನ ಟವರ್ ಸ್ಪೀಕರ್ ಒಮ್ಮೆ ಬಿಚ್ಚಿ ನೋಡಿ

ಸಂಪಾದಕರಿಗೆ,

ಮಾನ್ಯರೆ,

ದಸರೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುವ ದಿನಗಳಲ್ಲಿ ನಮ್ಮ ಕಡೆ ಮೋಡಕಾ (ಗುಜರಿ) ಗಾಡಿ ಏರುವ ಸಾಮಾನುಗಳಲ್ಲಿ ಮೂರಡಿ ಎತ್ತರದ ಹಳೆಯ ಸ್ಪೀಕರ್ ಪೆಟ್ಟಿಗೆಗಳೂ ಇರುತ್ತವೆ. ‘ಸೌಂಡ್ ಒಡದೈತಿ, ಈಗ ಯಾರ್ ರಿಪೇರಿ ಮಾಡ್ತಾರ್ರೀ’ ಎಂಬ ಒಂದು ಮಾತಿಗೆ ಅವು ತಕ್ಕಡಿಗೆ ಹೋಗುತ್ತವೆ. ಅಯಸ್ಕಾಂತಕ್ಕೂ ತಾಮ್ರಕ್ಕೂ ಕಿಲೋ ಲೆಕ್ಕದ ದುಡ್ಡು, ಪೆಟ್ಟಿಗೆ ನೀರೊಲೆಗೆ. ಆದರೆ ಇವುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಎರಡೇ ಭಾಗ: ಕೆಳಸ್ವರ ನುಡಿಸುವ ದೊಡ್ಡ ಸ್ಪೀಕರ್, ಅಂದರೆ ವೂಫರ್‌ನ ಅಂಚಿನ ಫೋಮ್ ಮತ್ತು ಒಳಗಿನ ಕೆಪಾಸಿಟರ್. ಎರಡೂ ಅಗ್ಗ, ಎರಡನ್ನೂ ಬದಲಿಸಲು ಬರುತ್ತದೆ. ಇದನ್ನು ಓದುಗರಿಗೆ ತುಸು ವಿವರವಾಗಿ ತಿಳಿಸಲು ಜಾಗ ಕೊಡಬೇಕೆಂದು ವಿನಂತಿ.

ಹಳೆಯದೆಲ್ಲ ಚಿನ್ನ ಎಂದೇನೂ ನಾವು ಹೇಳುತ್ತಿಲ್ಲ. ತೆಳು ಪ್ಲಾಸ್ಟಿಕ್ ಮುಖದ, ಸಾವಿರಗಟ್ಟಲೆ ವ್ಯಾಟ್ ‘ಪಿಎಂಪಿಒ’ ಎಂದು ಚೀಟಿ ಅಂಟಿಸಿದ ಪೆಟ್ಟಿಗೆಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಪಿಎಂಪಿಒ ಎಂಬ ಅಳತೆಗೆ ಯಾವ ಮಾನಕವೂ ಇಲ್ಲ, ಮಾರುವವರು ಬರೆದದ್ದೇ ಲೆಕ್ಕ. ಅಂಥ ಕೆಲವು ಪೆಟ್ಟಿಗೆಗಳಲ್ಲಿ ಗ್ರಿಲ್ ಹಿಂದೆ ಕಾಣುವ ಮೂರು ಸ್ಪೀಕರ್‌ಗಳಲ್ಲಿ ಒಂದು ಬರೀ ತೋರಿಕೆಯದು, ಅದಕ್ಕೆ ವೈರೇ ಇರುವುದಿಲ್ಲ. ಮೊದಲು ಎತ್ತಿ ನೋಡಿ. ಮೂರಡಿಯ ಟವರ್ ಏಳೆಂಟು ಕಿಲೋಗಿಂತ ಹಗುರವಿದ್ದರೆ ಒಳಗೆ ಹೆಚ್ಚೇನೂ ಇಲ್ಲ. ಹದಿನೈದು, ಇಪ್ಪತ್ತು ಕಿಲೋ ತೂಗಿದರೆ ಹಲಗೆಯೂ ದಪ್ಪ, ಅಯಸ್ಕಾಂತವೂ ದೊಡ್ಡದು. ಬೆರಳ ಗಿಣ್ಣಿನಿಂದ ಪಕ್ಕದ ಹಲಗೆಗೆ ಬಡಿದಾಗ ಸದ್ದು ಮೊಂಡಾಗಿ ಅಲ್ಲೇ ನಿಲ್ಲಬೇಕು, ಟೊಳ್ಳಾಗಿ ಮೊಳಗಬಾರದು. ಹಿಂದಿನ ಫಲಕದಲ್ಲಿ ಓಮ್ ಎಷ್ಟು, ಆರ್‌ಎಂಎಸ್ (ನಿರಂತರವಾಗಿ ತಾಳುವ) ವ್ಯಾಟ್ ಎಷ್ಟು ಎಂದು ಬರೆದಿದ್ದರೆ ಅದು ಒಳ್ಳೆಯ ಲಕ್ಷಣ. ಸೋನೊಡೈನ್, ಕಾಸ್ಮಿಕ್, ನಾರ್ಜ್‌ನಂಥ ಇಲ್ಲಿಯ ಹೆಸರೇ ಇರಲಿ, ವಾರ್ಫ್‌ಡೇಲ್, ಮಿಷನ್, ಜೆಬಿಎಲ್‌ನಂಥ ಹೊರಗಿನವೇ ಇರಲಿ, ಹೆಸರಿಗಿಂತ ಒಳಗಿನ ಸ್ಥಿತಿ ಮುಖ್ಯ.

ಅಂಗೈಯಗಲದ ಬ್ಲೂಟೂತ್ ಡಬ್ಬಿ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಸರಳ ಲೆಕ್ಕವಿದೆ. ಗಾಯಕರು ಪೇಟಿಯ ಕಾಳಿ ಒಂದಕ್ಕೆ ಷಡ್ಜ ಹಿಡಿದರೆ ಆ ಸ್ವರ ಸುಮಾರು 138 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, 69 ಹರ್ಟ್ಸ್. ಸದ್ದಿನ ಮಟ್ಟ ಅಷ್ಟೇ ಇರಬೇಕಾದರೆ ಒಂದು ಸಪ್ತಕ ಕೆಳಗಿಳಿದಾಗ ಸ್ಪೀಕರ್‌ನ ಕೋನ್ (ಅಲುಗುವ ಬಟ್ಟಲಿನಂಥ ಭಾಗ) ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು. 8 ಇಂಚಿನ ಕೋನ್ ವಿಸ್ತೀರ್ಣದಲ್ಲಿ 2 ಇಂಚಿನದರ 16 ಪಟ್ಟು. ಹೀಗಾಗಿ ಸಣ್ಣ ಡಬ್ಬಿಯಲ್ಲಿ ಖರ್ಜದ ಮೂಲ ಸ್ವರ ಬರುವುದೇ ಇಲ್ಲ. ಅದರ ಮೇಲಿನ ಅಂಶಸ್ವರಗಳು ಮಾತ್ರ ಬಂದು, ಉಳಿದದ್ದನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ತಬಲಾದ ಡಗ್ಗದ ಗುಮುಕಿ ಟವರ್‌ನಲ್ಲಿ ಎದೆಗೆ ತಾಗುವುದು, ಡಬ್ಬಿಯಲ್ಲಿ ‘ಟಪ್’ ಎನ್ನುವುದು ಇದೇ ಕಾರಣಕ್ಕೆ.

ಇನ್ನು ಫೋಮ್. ಮುಂದಿನ ಬಟ್ಟೆಯ ಗ್ರಿಲ್ ತೆಗೆಯುವಾಗ ನಾಲ್ಕೂ ಮೂಲೆಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಎಳೆಯಿರಿ. ಅದರ ಪ್ಲಾಸ್ಟಿಕ್ ಗೂಟಗಳು ಒಣಗಿರುತ್ತವೆ, ಒಂದೇ ಕಡೆ ಜಗ್ಗಿದರೆ ಮುರಿಯುತ್ತವೆ. ವೂಫರ್‌ನ ಕೋನ್ ಮತ್ತು ಹೊರಗಿನ ಲೋಹದ ಚೌಕಟ್ಟಿನ ನಡುವೆ ಉಬ್ಬಿದ ಬಳೆಯಂಥ ಪಟ್ಟಿ ಇದೆಯಲ್ಲ, ಅದನ್ನು ಬೆರಳ ತುದಿಯಿಂದ ಹಗುರಾಗಿ ಮುಟ್ಟಿ. ರಬ್ಬರ್ ಆಗಿದ್ದರೆ ಮೆತ್ತಗೆ ಬಾಗಿ ಹಿಂದಿರುಗುತ್ತದೆ. ಅದಕ್ಕೇನೂ ಮಾಡಬೇಕಿಲ್ಲ. ಹೊಳಪು ಬರಲೆಂದು ಎಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಅಂಟಂಟಾದ ಬಟ್ಟೆಯ ಅಂಚಿದ್ದರೆ ಆ ಅಂಟು ಕೊಳೆಯಲ್ಲ, ಗಾಳಿ ಸೋರದಿರಲೆಂದು ಕಾರ್ಖಾನೆಯಲ್ಲೇ ಬಳಿದ ಲೇಪ, ಒರೆಸಬೇಡಿ. ಮುಟ್ಟಿದೊಡನೆ ಪುಡಿ ಉದುರಿದರೆ, ಅಥವಾ ಬೆರಳಿಗೆ ಕಾಕಂಬಿಯ ಹಾಗೆ ಕಪ್ಪಾಗಿ ಮೆತ್ತಿಕೊಂಡರೆ, ಅದು ಸತ್ತ ಫೋಮ್.

ಈ ಪಾಲಿಯುರೆಥೇನ್ ಫೋಮ್ ಬಾಳುವುದು ಹತ್ತರಿಂದ ಇಪ್ಪತ್ತು ವರ್ಷ. ನುಡಿಸಿದರೂ ಸರಿ, ಅಟ್ಟದ ಮೇಲೆ ಸುಮ್ಮನೆ ಇಟ್ಟರೂ ಸರಿ. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನು ಕಡಿಯುತ್ತ ಹೋಗುತ್ತದೆ, ಬೆಳಗಾವಿ, ಖಾನಾಪುರದ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ವಿಜಯಪುರದ ಒಣ ಹವೆಯಲ್ಲಿ ತೇವದ ಕಾಟ ಕಡಿಮೆಯಾದರೂ ಕಿಟಕಿಯ ಬಿಸಿಲು ನೇರವಾಗಿ ಬೀಳುವಲ್ಲಿ ಅಲ್ಲಿಯೂ ಪುಡಿಯಾಗುತ್ತದೆ. ಹರಿದ ಫೋಮ್‌ನಲ್ಲೇ ನುಡಿಸುತ್ತ ಹೋಗುವುದು ದೊಡ್ಡ ತಪ್ಪು. ಕೋನ್ ನೆಟ್ಟಗೆ ನಿಲ್ಲದೆ ವಾಲುತ್ತದೆ, ಕೋನ್ ಹಿಂಬದಿಯ ತಂತಿಸುರುಳಿ, ಅಂದರೆ ಕಾಯಿಲ್, ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ಉಜ್ಜುತ್ತದೆ, ಮೇಲಿನ ಎನಾಮಲ್ ಕಿತ್ತು ಕೊನೆಗೆ ಕಾಯಿಲ್ಲೇ ಸುಡುತ್ತದೆ. ಫೋಮ್ ರಿಂಗ್‌ನಲ್ಲಿ ಮುಗಿಯುವ ಕೆಲಸ ಆಗ ರೀಕೋನ್‌ಗೆ, ಅಂದರೆ ಕೋನ್, ಕಾಯಿಲ್ ಎರಡನ್ನೂ ಬದಲಿಸುವವರೆಗೆ ಹೋಗುತ್ತದೆ.

ಹೊಸ ರಿಂಗ್ ತರಿಸುವ ಮುನ್ನ ಕಾಯಿಲ್ ಜೀವಂತ ಇದೆಯೇ ನೋಡಿ. ವೂಫರ್ ಬಿಚ್ಚಿ, ಯಾವ ವೈರ್ ಯಾವ ತುದಿಗೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು, ವೈರ್ ಕಳಚಿ ಮಲ್ಟಿಮೀಟರ್ ಹಚ್ಚಿ. 8 ಓಮ್ ಎಂದು ಬರೆದದ್ದು 5.5ರಿಂದ 7ರವರೆಗೆ, 4 ಓಮ್‌ನದು 3ರಿಂದ 3.5ರವರೆಗೆ ತೋರಿಸುವುದು ಸಹಜ. ಕಡಿಮೆ ತೋರಿಸಿತೆಂದು ಗಾಬರಿ ಬೇಡ, ಮೀಟರ್ ಅಳೆಯುವುದು ತಂತಿಯ ಡಿಸಿ ರೋಧವನ್ನು ಮಾತ್ರ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಇಲ್ಲವೇ ಕೋನ್‌ಗೆ ಬರುವ ಹೆಣೆದ ತಂತಿ ತುಂಡಾಗಿದೆ. ಎರಡನೆಯದಾದರೆ ಬೆಸುಗೆಯಲ್ಲಿ ಸರಿಹೋಗುತ್ತದೆ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನ್‌ನ ಎದುರುಬದುರು ಇಟ್ಟು ಸಮವಾಗಿ ಒಳಗೆ ಒತ್ತಿ. ಕರಕರ ಎನ್ನಬಾರದು. ಪೆಟ್ಟಿಗೆ ಎಂದಾದರೂ ಬಿದ್ದು ಅಯಸ್ಕಾಂತ ಸರಿದಿದ್ದರೆ ಕೋನ್ ಅಲುಗುವುದೇ ಇಲ್ಲ. ಅದು ಮನೆಯಲ್ಲಿ ಆಗುವ ರಿಪೇರಿ ಅಲ್ಲ. ಬೀಳದೆ ಉಳಿದ ಫೆರೈಟ್ ಅಯಸ್ಕಾಂತ ಮಾತ್ರ ದಶಕಗಳಾದರೂ ಎದ್ದು ಕಾಣುವಷ್ಟು ಬಲ ಕಳೆದುಕೊಳ್ಳುವುದಿಲ್ಲ.

‘8 ಇಂಚಿನ ಫೋಮ್ ಕೊಡಿ’ ಎಂದು ಕೇಳಿದರೆ ಸರಿಯಾದದ್ದು ಸಿಗುವುದು ಅದೃಷ್ಟ. ನಾಲ್ಕು ಅಳತೆ ಮಿಲಿಮೀಟರ್‌ನಲ್ಲಿ ಬೇಕು: ಕೋನ್‌ನ ಹೊರವ್ಯಾಸ, ಚೌಕಟ್ಟಿನಲ್ಲಿ ಫೋಮ್ ಕೂರುವ ಜಾಗದ ಒಳವ್ಯಾಸ ಮತ್ತು ಹೊರವ್ಯಾಸ, ಉಬ್ಬಿದ ಭಾಗದ ಅಗಲ. ಫೋಮ್ ಕೋನ್‌ನ ಮುಂದೆ ಅಂಟಿದೆಯೋ ಹಿಂದೆಯೋ ಎಂಬುದನ್ನೂ ಬರೆದುಕೊಳ್ಳಿ, ಎರಡೂ ಬಗೆ ಇವೆ.

ಹಳೆಯ ಅಂಟು ಬಿಡಿಸುವುದೇ ಅರ್ಧ ಕೆಲಸ. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿ ಒರೆಸುತ್ತ, ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಕೆರೆಯಬೇಕು. ಕಾಗದದ ಕೋನ್ ತೊಯ್ಯುವಷ್ಟು ಸುರಿಯಬೇಡಿ. ಥಿನ್ನರ್ ಅಂತೂ ಬೇಡವೇ ಬೇಡ, ಕಾಯಿಲ್ ಹಿಡಿದಿರುವ ಅಂಟನ್ನೂ ಅದು ಬಿಡಿಸಿಬಿಡುತ್ತದೆ. ಅಂಚಿನಲ್ಲಿ ಹಳೆಯ ಅಂಟಿನ ಗಂಟು ಉಳಿದರೆ ಹೊಸ ರಿಂಗ್ ಸಮನಾಗಿ ಕೂರುವುದಿಲ್ಲ, ಆ ಜಾಗದಲ್ಲಿ ಮುಂದೆ ಗಾಳಿ ಸೋರಿ ಸಿಳ್ಳೆಯಂಥ ಸದ್ದು ಬರುತ್ತದೆ.

ಈಗ ಕಾಯಿಲನ್ನು ಸಂದಿಯ ನಟ್ಟನಡುವೆ ನಿಲ್ಲಿಸಬೇಕು. ಕೋನ್ ಮಧ್ಯದ ಗುಬುಟನ್ನು, ಅಂದರೆ ಡಸ್ಟ್ ಕ್ಯಾಪನ್ನು, ತೆಳು ಬ್ಲೇಡಿನಿಂದ ಸುತ್ತ ಬಿಡಿಸಿದರೆ ಒಳಗೆ ಕಾಯಿಲ್ ಮತ್ತು ನಡುವಿನ ಕಬ್ಬಿಣದ ಕಂಬ ಕಾಣುತ್ತವೆ. ಅವೆರಡರ ನಡುವೆ ಹಳೆಯ ಫೋಟೊ ನೆಗೆಟಿವ್‌ನ ನಾಲ್ಕು ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ಇಳಿಸಿ. ಬಿಗಿಯಾಗಿ ಕೂರಬೇಕು, ಆದರೆ ಬಲ ಹಾಕಿ ತುರುಕಬಾರದು. ಮೊದಲು ರಿಂಗನ್ನು ಕೋನ್‌ಗೆ ಮಾತ್ರ ಅಂಟಿಸಿ ಒಣಗಲು ಬಿಡಿ. ಅದು ಪೂರ್ತಿ ಹಿಡಿದ ಮೇಲೆಯೇ ಹೊರ ಅಂಚನ್ನು ಚೌಕಟ್ಟಿಗೆ ಅಂಟಿಸಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಸರಿದಿರುತ್ತದೆ. ಕಾಗದದ ಕೋನ್‌ಗೆ ಬಿಳಿಯ ಪಿವಿಎ ಅಂಟು ಒಳ್ಳೆಯದು, ಕೂರಿಸಿದ ಮೇಲೂ ಕೆಲವು ನಿಮಿಷ ಜಾರಿಸಿ ಸರಿಮಾಡಲು ಬರುತ್ತದೆ. ಪಂಕ್ಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಮುಟ್ಟಿದ ಕೂಡಲೇ ಹಿಡಿದುಬಿಡುವುದರಿಂದ ಆ ಅವಕಾಶ ಇಲ್ಲ. ಕ್ಷಣದಲ್ಲಿ ಒಣಗುವ ಅಂಟಾದರೆ ಫೋಮನ್ನೇ ಗಡುಸು ಮಾಡಿ ಬಿರುಕು ಬಿಡಿಸುತ್ತದೆ. ಪಾಲಿಪ್ರೊಪಿಲೀನ್ ಕೋನ್‌ಗೆ ಪಿವಿಎ ಹಿಡಿಯುವುದಿಲ್ಲ, ಅದಕ್ಕೆಂದೇ ಇರುವ ಸ್ಪೀಕರ್ ಅಂಟು ಬೇಕು.

ಸುತ್ತ ಬಟ್ಟೆ ಒಣಹಾಕುವ ಚಿಮಟಿಗೆ ಹಾಕಿ 24 ಗಂಟೆ ಬಿಟ್ಟು, ನೆಗೆಟಿವ್ ಪಟ್ಟಿ ತೆಗೆದು, ಮೊಬೈಲ್‌ನ ಟೋನ್ ಆ್ಯಪ್‌ನಿಂದ 30 ಹರ್ಟ್ಸ್ ಸ್ವರವನ್ನು ಸಣ್ಣ ವಾಲ್ಯೂಮಿನಲ್ಲಿ ಕೊಡಿ. ಕೋನ್ ಮೌನವಾಗಿ ಅಲುಗಿದರೆ ಕೆಲಸ ಸರಿ, ಆಮೇಲೆ ಡಸ್ಟ್ ಕ್ಯಾಪ್ ಅಂಟಿಸಿ. ಉಜ್ಜುವ ಸದ್ದು ಬಂದರೆ ಹೊರ ಅಂಚು ಬಿಡಿಸಿ ಮತ್ತೆ ಕೂರಿಸಬೇಕು. ‘ನುಡಿಸುತ್ತ ನುಡಿಸುತ್ತ ಸರಿಹೋಗುತ್ತದೆ’ ಎಂದು ಹೇಳುವವರನ್ನು ನಂಬಬೇಡಿ.

ಎರಡನೆಯ ರೋಗ ಕೆಪಾಸಿಟರ್. ಹಾಡಿನಲ್ಲಿ ‘ಸ’ಕಾರ ಮಂಕು, ತಾಳದ ಕಿಣಿಕಿಣಿ ಕಾಣೆ, ಎಡಕ್ಕಿಂತ ಬಲ ಸಪ್ಪೆ. ಇಂಥದರಲ್ಲಿ ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಸುಟ್ಟಿದೆ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಮೀಟರ್‌ನಲ್ಲಿ ಟ್ವೀಟರ್ ಓಮ್ ತೋರಿಸಿದರೆ ತಪ್ಪು ಬಹುಶಃ ಅದರದಲ್ಲ. ವೂಫರ್ ತೆಗೆದ ರಂಧ್ರದಲ್ಲಿ, ಇಲ್ಲವೇ ಹಿಂದಿನ ಟರ್ಮಿನಲ್ ಫಲಕದ ಬೆನ್ನಿಗೆ, ಕೆಳಸ್ವರವನ್ನು ವೂಫರ್‌ಗೆ, ಮೇಲಿನದನ್ನು ಟ್ವೀಟರ್‌ಗೆ ಹಂಚುವ ಕ್ರಾಸ್‌ಓವರ್ ಹಲಗೆ ಸಿಗುತ್ತದೆ: ತಾಮ್ರದ ಸುರುಳಿ ಒಂದೆರಡು, ಬಿಳಿಯ ಸಿಮೆಂಟ್ ರೆಸಿಸ್ಟರ್, ಮತ್ತು ‘ಎನ್‌ಪಿ’ ಅಥವಾ ‘ಬಿಪಿ’ ಎಂದು ಅಚ್ಚಾದ ಉರುಳೆಗಳು. ಈ ಉರುಳೆಗಳೇ ಧ್ರುವವಿಲ್ಲದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ಒಣಗಿದಂತೆ ಅವುಗಳ ಒಳರೋಧ ಏರಿ, ಟ್ವೀಟರ್‌ಗೆ ಹೋಗಬೇಕಾದ ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. ಕೆಪಾಸಿಟರ್ ಮೀಟರ್ ಬರೀ ಮೈಕ್ರೊಫ್ಯಾರಡ್ ತೋರಿಸುವುದರಿಂದ ಅಂಕಿ ಸರಿಯಿದ್ದರೂ ಒಳಗೆ ಒಣಗಿರಬಹುದು. ಹಾಗಾಗಿ ಮೂವತ್ತು ವರ್ಷ ದಾಟಿದ್ದನ್ನು ಅಳೆಯುತ್ತ ಕೂರದೆ ಬದಲಿಸುವುದೇ ಲೇಸು.

ಟ್ವೀಟರ್‌ನ ಸರಣಿಯಲ್ಲಿರುವುದಕ್ಕೆ ಅಷ್ಟೇ ಮೈಕ್ರೊಫ್ಯಾರಡ್‌ನ, 100 ವೋಲ್ಟ್ ಅಥವಾ ಹೆಚ್ಚಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ‘ಸ್ವಲ್ಪ ದೊಡ್ಡದು ಹಾಕಿದರೆ ಸೌಂಡ್ ಜಾಸ್ತಿ’ ಎಂಬ ಸಲಹೆ ಟ್ವೀಟರ್ ಕೊಲ್ಲುತ್ತದೆ. ಸಾದಾ ಜೋಡಣೆಯಲ್ಲಿ 8 ಓಮ್ ಟ್ವೀಟರ್‌ಗೆ 4.7 ಮೈಕ್ರೊಫ್ಯಾರಡ್ ಇದ್ದರೆ ಭಾಗವಾಗುವುದು ಸುಮಾರು 4,200 ಹರ್ಟ್ಸ್‌ನಲ್ಲಿ. 10 ಹಾಕಿದರೆ 2,000ಕ್ಕೆ ಇಳಿದು, ಅದು ಹೊರಲಾರದ ಕೆಳಸ್ವರಗಳೆಲ್ಲ ಅದರ ತಲೆಗೆ ಬೀಳುತ್ತವೆ. ಫಿಲ್ಮ್ ಹಾಕಿದ ಮೇಲೆ ಸದ್ದು ತೀರ ಚುರುಕೆನಿಸಿದರೆ ಸರಣಿಯಲ್ಲಿ ಅರ್ಧ ಓಮ್, 5 ವ್ಯಾಟ್ ರೆಸಿಸ್ಟರ್ ಸೇರಿಸಿ, ಹಳೆಯ ಕೆಪಾಸಿಟರ್‌ನ ಸ್ವಂತ ರೋಧವನ್ನು ಲೆಕ್ಕ ಹಿಡಿದೇ ಕಂಪನಿಯವರು ಹೊಂದಿಸಿರಬಹುದು. ವೂಫರ್ ಕಡೆಯ 22, 47ರಂಥ ದೊಡ್ಡವುಗಳಿಗೆ ಹೊಸ ಎನ್‌ಪಿ ಎಲೆಕ್ಟ್ರೊಲಿಟಿಕ್ ಸಾಕು, ಫಿಲ್ಮ್‌ಗೆ ದುಡ್ಡು ಸುರಿಯುವುದು ದಂಡ. ಸುರುಳಿಗಳನ್ನು ಮಾತ್ರ ಅಲುಗಿಸಬೇಡಿ. ಅವನ್ನು ಒಂದಕ್ಕೊಂದು ಅಡ್ಡಡ್ಡ ಕೂರಿಸಿರುವುದು ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ತಾಗದಿರಲೆಂದು.

ಕೆಪಾಸಿಟರ್ ಹೊಸದಾದರೂ ಟ್ವೀಟರ್ ಮಂಕಾಗಿಯೇ ಇದ್ದರೆ ಅದರ ಸಂದಿಯಲ್ಲಿ ತುಂಬಿದ್ದ ಫೆರೊಫ್ಲೂಯಿಡ್ ಎಂಬ ಕಾಂತೀಯ ದ್ರವ ಗಟ್ಟಿಯಾಗಿರಬಹುದು. ಅದನ್ನು ಒತ್ತುಕಾಗದದಲ್ಲಿ ಹೀರಿ ಸ್ವಚ್ಛಗೊಳಿಸಿ ಹೊಸದು ತುಂಬಬೇಕು, ಇದು ಕೈ ಪಳಗಿದವರ ಕೆಲಸ. ಪೆಟ್ಟಿಗೆ ಮುಚ್ಚುವಾಗ ಒಳಗಿನ ಉಣ್ಣೆ ಅಥವಾ ಗಾಜಿನ ನಾರನ್ನು ಇದ್ದಂತೆ ಮರಳಿ ತುಂಬಿ. ಗಾಜಿನ ನಾರು ಮುಟ್ಟುವಾಗ ಮಾಸ್ಕ್, ಕೈಗವಸು ಇರಲಿ.

ಆಂಪ್ಲಿಫೈಯರ್ ಜೋಡಿಸುವ ಮುನ್ನ ಅದರ ಸ್ಪೀಕರ್ ತುದಿಗಳಲ್ಲಿ, ಹಾಡು ಇಲ್ಲದಾಗ, ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ವೋಲ್ಟ್‌ಗಟ್ಟಲೆ ಬಂದರೆ ಬಹುಶಃ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ, ನಿಮ್ಮ ವೂಫರ್ ನಿಮಿಷಗಳಲ್ಲಿ ಸುಡುತ್ತದೆ. ರಕ್ಷಣೆಯ ರಿಲೇ ಇಲ್ಲದ ಹಳೆಯ ಆಂಪ್ಲಿಫೈಯರ್‌ಗೆ ಪ್ರತಿ ಸ್ಪೀಕರ್ ಸಾಲಿನಲ್ಲಿ 2 ಆಂಪಿಯರ್ ಫ್ಯೂಸ್ ಹಾಕುವುದು ಒಳ್ಳೆಯದು, 8 ಓಮ್‌ಗೆ ಅದು ನಿರಂತರವಾಗಿ 32 ವ್ಯಾಟ್ ಬಿಡುತ್ತದೆ. ಮನೆಗೆ ಅಷ್ಟು ಧಾರಾಳ. ಆನ್‌ಲೈನ್‌ನಲ್ಲಿ ಸಿಗುವ ‘100 ವ್ಯಾಟ್’ ಪುಟ್ಟ ಬೋರ್ಡ್ 24 ವೋಲ್ಟ್ ಅಡಾಪ್ಟರ್‌ನಲ್ಲಿ 8 ಓಮ್‌ಗೆ 36 ವ್ಯಾಟ್‌ಗಿಂತ ಹೆಚ್ಚು ಶುದ್ಧ ಸದ್ದು ಕೊಡಲು ಸಾಧ್ಯವೇ ಇಲ್ಲ. ಅದನ್ನೂ ಮೀರಿ ವಾಲ್ಯೂಮ್ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ, ಹುಟ್ಟುವ ಮೇಲಿನ ಕಂಪನಗಳೆಲ್ಲ ಟ್ವೀಟರ್‌ಗೆ ಹೋಗಿ ಅದನ್ನು ಸುಡುತ್ತವೆ. ಮದುವೆ ಮನೆಗಳಲ್ಲಿ ಟ್ವೀಟರ್ ಹೋಗುವುದಕ್ಕೆ ಕಾರಣ ಬಹಳ ಸಲ ದೊಡ್ಡ ಆಂಪ್ಲಿಫೈಯರ್ ಅಲ್ಲ, ಸಣ್ಣದನ್ನು ಕಿವಿ ಹಿಂಡಿ ಓಡಿಸಿದ್ದು. ವೈರ್‌ಗೆ ಮನೆಯ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರವೇ ಸಾಕು. 5 ಮೀಟರ್ ದೂರಕ್ಕೆ ಹೋಗಿ ಬರುವ ರೋಧ ಬರೀ 0.12 ಓಮ್. ಸಾವಿರಾರು ರೂಪಾಯಿಯ ‘ಸ್ಪೆಷಲ್’ ಕೇಬಲ್ ಮಾರುವವರು ಬೇರೆ ಗಿರಾಕಿ ನೋಡಿಕೊಳ್ಳಲಿ.

ಇಷ್ಟಾದ ಮೇಲೂ ಸದ್ದು ಕೆಟ್ಟರೆ ತಪ್ಪು ಕೋಣೆಯದು. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜಂತಿ, ತೊಲೆ, ಮಾಡಗಳು ಸದ್ದನ್ನು ಚದುರಿಸುತ್ತಿದ್ದವು. ಈಗಿನ ಆರ್‌ಸಿಸಿ ಪಡಸಾಲೆಯಲ್ಲಿ ಕೆಳಗೆ ನುಣುಪು ಟೈಲ್ಸ್ ಅಥವಾ ಫರಸಿ, ಮೇಲೆ ಸ್ಲ್ಯಾಬ್, ಸುತ್ತ ಬೋಳು ಗೋಡೆ. ಸ್ಪೀಕರ್ ಮತ್ತು ಕೂರುವ ಜಾಗದ ನಡುವೆ ದಪ್ಪ ಜಮಖಾನೆ ಹಾಸಿ. ಕೂತಲ್ಲಿಂದ ನೋಡುತ್ತಿರುವಾಗ ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲಿ. ಎಲ್ಲಿ ಟ್ವೀಟರ್ ಕನ್ನಡಿಯಲ್ಲಿ ಕಾಣುತ್ತದೋ ಅಲ್ಲಿ ಎರಡು ಮಡಿಕೆ ಕೌದಿಯನ್ನು ಗೋಡೆಯಿಂದ ಎರಡು ಮೂರು ಇಂಚು ಬಿಟ್ಟು ತೂಗುಹಾಕಿ. ಗೋಡೆಗೆ ಅಂಟಿಸಿದರೆ ಪರಿಣಾಮ ಕಡಿಮೆ. ಕೌದಿ ಹೀರುವುದು ಮೇಲಿನ ಸ್ವರಗಳನ್ನಷ್ಟೆ. ಕೆಳಸ್ವರದ ಗುಂಯ್‌ಗುಡುವಿಕೆಗೆ ಸ್ಪೀಕರ್ ಸರಿಸುವುದೇ ಸುಲಭದ ಉಪಾಯ. 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ನಲ್ಲಿ, 10 ಅಡಿಯದು 56ರಲ್ಲಿ ತಾನೇ ಮೊಳಗುತ್ತದೆ. ಉದ್ದ ಅಗಲ ಎರಡೂ 12 ಇದ್ದರೆ ಒಂದೇ ಸ್ವರ ಎರಡು ಪಟ್ಟು ಉಬ್ಬುತ್ತದೆ. ಮೂಲೆಯಿಂದ ಎರಡಡಿ, ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕೆ ತಂದು, ಅಲ್ಲಿಂದ ನಾಲ್ಕು ನಾಲ್ಕು ಬೆರಳು ಸರಿಸುತ್ತ ಕೇಳಿ. ಎರಡು ಸ್ಪೀಕರ್ ನಡುವೆ ಆರೇಳು ಅಡಿ, ಕೂರುವ ಜಾಗ ಅದಕ್ಕಿಂತ ಒಂದಡಿ ದೂರ. ನೆಲದ ಮೇಲೆ ಕೂತರೆ ಕಿವಿ ಟ್ವೀಟರ್‌ಗಿಂತ ಹತ್ತಿಂಚು ಕೆಳಗಾಗುತ್ತದೆ ಎಂಬ ಆತಂಕ ಬೇಡ, ಎಂಟಡಿ ದೂರದಿಂದ ಅದು ಆರು ಡಿಗ್ರಿಯ ವ್ಯತ್ಯಾಸ.

ಒಬ್ಬರೇ ಹಾಡುವ ಧ್ವನಿಮುದ್ರಿಕೆಯಲ್ಲಿ ದನಿ ಎರಡು ಪೆಟ್ಟಿಗೆಗಳ ನಟ್ಟನಡುವಿನಿಂದ ಬರಬೇಕು. ಹರಡಿಕೊಂಡು, ಕೆಳಸ್ವರ ಸಪ್ಪಗಾದರೆ ಒಂದು ಕಡೆಯ ಕೆಂಪು ಕಪ್ಪು ವೈರ್ ಅದಲುಬದಲಾಗಿದೆ. 1.5 ವೋಲ್ಟ್ ಸೆಲ್‌ನ ಧನ ತುದಿಯನ್ನು ಕೆಂಪು ಟರ್ಮಿನಲ್‌ಗೆ ಕ್ಷಣ ಮುಟ್ಟಿಸಿದರೆ ವೂಫರ್ ಮುಂದಕ್ಕೆ ಬರುತ್ತದೆ. ಹಳೆಯ ಜೆಬಿಎಲ್‌ಗಳಲ್ಲಿ ಮಾತ್ರ ಇದು ಉಲ್ಟಾ, ಹಿಂದಕ್ಕೆ ಹೋಗುತ್ತದೆ. ಮನ್ಸೂರರ, ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಎಲ್‌ಪಿಗಳು ಮನೆಯಲ್ಲಿದ್ದು ಅವನ್ನು ನುಡಿಸುವವರು ವೂಫರ್ ಮೇಲೊಂದು ಕಣ್ಣಿಡಿ. ಬಾಗಿದ ತಟ್ಟೆಯಿಂದಾಗಿ ಹಾಡು ಇಲ್ಲದ ಕಡೆಯೂ ಕೋನ್ ಪಟಪಟ ಅಲುಗಿದರೆ ಕಿವಿಗೆ ಕೇಳದ ಅತಿ ಕೆಳಗಿನ ಕಂಪನ ತಡೆಯುವ, ಆಂಪ್ಲಿಫೈಯರ್‌ನ ಸಬ್‌ಸಾನಿಕ್ ಫಿಲ್ಟರ್ ಹಾಕಿ, ಪೋರ್ಟ್ (ಗಾಳಿಯಾಡುವ ಕೊಳವೆ) ಇರುವ ಟವರ್‌ಗಳಿಗೆ ಇದು ಕಡ್ಡಾಯ. ಹೊಸ ಟಿವಿಗೆ ಜೋಡಿಸಲು ಆಪ್ಟಿಕಲ್‌ನಿಂದ ಆರ್‌ಸಿಎಗೆ ಬದಲಿಸುವ ಪುಟ್ಟ ಡಬ್ಬಿ ಬೇಕು. ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಎಂದಿರದಿದ್ದರೆ ಸದ್ದೇ ಬರದೆ, ಡಬ್ಬಿ ಕೆಟ್ಟಿದೆ ಎಂದು ವಾಪಸ್ ಕಳಿಸುವವರೇ ಹೆಚ್ಚು.

ಚಿಪ್‌ಬೋರ್ಡ್ ಪೆಟ್ಟಿಗೆಗೆ ನೆಲ ಒರೆಸುವ ನೀರೇ ಶತ್ರು. ಅಡಿಯಿಂದ ಹೀರಿ ಉಬ್ಬುತ್ತದೆ, ಉಬ್ಬಿದ್ದು ಮರಳಿ ಇಳಿಯುವುದಿಲ್ಲ. ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡು ತಂದು ಅದರ ಮೇಲೆ ನಿಲ್ಲಿಸಿ, ಇಳಕಲ್ಲು ನಮ್ಮ ಜಿಲ್ಲೆಯಲ್ಲೇ ಇರುವಾಗ ಅದಕ್ಕೇನೂ ಬರವಿಲ್ಲ. ಪೋರ್ಟ್ ಬಾಯಿಗೆ ಒಳಗಿನಿಂದ ಕಾಲಿಂಚು ಕಣ್ಣಿನ ಜಾಲರಿ ಹಾಕಿದರೆ ಇಲಿ ಹೋಗುವುದಿಲ್ಲ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನದಾದರೆ ಗಾಳಿ ಕಟ್ಟಿ ಬುಸುಗುಡುತ್ತದೆ.

ಎಲ್ಲದರ ನಡುವೆ ನಿಜವಾದ ತೊಡಕು ಬಿಡಿಭಾಗದ್ದು. ಫೋಮ್ ರಿಂಗ್, ಎನ್‌ಪಿ ಕೆಪಾಸಿಟರ್‌ಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಅಥವಾ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯತ್ತ ನೋಡಬೇಕಾಗಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರು 6.5, 8, 10 ಇಂಚಿನ ವೂಫರ್‌ಗೆ ಕೂರುವ ಐದಾರು ಅಳತೆಯ ರಿಂಗ್, 2.2ರಿಂದ 10 ಮೈಕ್ರೊಫ್ಯಾರಡ್‌ವರೆಗಿನ ಫಿಲ್ಮ್ ಕೆಪಾಸಿಟರ್ ಇಟ್ಟುಕೊಂಡರೆ ಬೇಗ ಕೆಡುವ ಮಾಲೇನೂ ಅಲ್ಲ. ಫೋಮನ್ನು ಮಾತ್ರ ಬಿಸಿಲು, ತೇವ ತಾಗದಂತೆ ಮುಚ್ಚಿಡಬೇಕು. ಇಷ್ಟೆಲ್ಲ ಹೇಳಿಯೂ ಯಾರಿಗಾದರೂ ಟವರ್ ಬೇಡವೇ ಬೇಡ ಎನಿಸಿದರೆ, ದಯವಿಟ್ಟು ವೂಫರ್ ಬೇರೆ, ಪೆಟ್ಟಿಗೆ ಬೇರೆ ಮಾರಬೇಡಿ. ಎರಡೂ ಪೆಟ್ಟಿಗೆ, ಒಳಗಿನ ಕ್ರಾಸ್‌ಓವರ್, ಗ್ರಿಲ್ ಒಟ್ಟಿಗೆ ಇದ್ದರೆ, ಹಿಂದಿನ ಫಲಕದ ಫೋಟೊ ತೋರಿಸಿದರೆ, ಮೋಡಕಾದವರಿಗಿಂತ ಹೆಚ್ಚು ಬೆಲೆ ಕೊಟ್ಟು ಒಯ್ಯುವವರು ನಮ್ಮ ಮೂರು ಜಿಲ್ಲೆಗಳಲ್ಲೇ ಇದ್ದಾರೆ.

ಹಳೆಯ ಸ್ಪೀಕರ್ ದುರಸ್ತಿ ಬಲ್ಲ ಓದುಗರು,
ಜಮಖಂಡಿ, ಬಾಗಲಕೋಟೆ ಜಿಲ್ಲೆ